ಮುಳ್ಳಿಲ್ಲದ ಮೀನು

ಮೊದಲಿಗೇ ಒಂದು ಕ್ಷಮಾಯಾಚನೆ. ನಮ್ಮ ಕುಟುಂಬಗಳಲ್ಲಿ ಅನೇಕರು ಸಸ್ಯಾಹಾರಿಗಳು. ಈ ಬಾರಿಯ ಬರಹವಾದರೋ ಮೀನನ್ನು ಕುರಿತದ್ದು. ಅದರಲ್ಲಿಯೂ ದಿನಸಿ ಅಂಗಡಿಯ ಫ್ರೀಜರಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿ ಮಲಗಿರುವ, ಬ್ರೆಡ್ಡಿನ ಪುಡಿಯ ಅಂಗಿ ತೊಟ್ಟ ಮೀನಿನ ತುಂಡುಗಳನ್ನು ಕುರಿತದ್ದು. ಓದಲು ಇಷ್ಟವಿಲ್ಲದವರು ಈ ಪುಟವನ್ನು ದಾಟಿ ಮುಂದಕ್ಕೆ ಹೋಗಬಹುದು, ನಾವೇನೂ ಬೇಸರಪಡುವುದಿಲ್ಲ.

ಇದನ್ನು ಬರೆಯಲು ಒಂದು ಕಾರಣವಿದೆ. ಯುಗಾದಿಯ ಕಾರ್ಯಕ್ರಮದ ದಿನ ಬೆಳಿಗ್ಗೆ ಆರೋಗ್ಯ ತಪಾಸಣೆಯ ಮೇಜಿನ ಹಿಂದೆ ನಾವು ಕುಳಿತಿದ್ದೆವು. ರಕ್ತದೊತ್ತಡ ಪರೀಕ್ಷಿಸಿಕೊಂಡ ತಾಯಿಯೊಬ್ಬರು ಎದ್ದು ಹೋಗುವ ಮುನ್ನ ತಗ್ಗಿದ ದನಿಯಲ್ಲಿ ಕೇಳಿದರು: “ಡಾಕ್ಟ್ರೇ, ಅಂಗಡಿಯಲ್ಲಿ ಸಿಗುವ ಫ್ರೋಜನ್ ಫಿಶ್ ಮಕ್ಕಳಿಗೆ ಕೊಡಬಹುದಾ? ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಬೇರೆ ಮೀನು ಮಾಡೋಕೆ ಸಮಯ ಸಿಗಲ್ಲ.” ನಾವು ಒಂದು ಕ್ಷಣವೂ ಯೋಚಿಸದೆ, “ಅದನ್ನೆಲ್ಲ ಕೊಡಬೇಡಿ, ತಾಜಾ ಮೀನು ತನ್ನಿ” ಎಂದು ಗಂಭೀರವಾಗಿ ಉತ್ತರಿಸಿದೆವು. ಆಕೆ ತಲೆತಗ್ಗಿಸಿ ಹೊರಟುಹೋದರು. ಆ ಹೊತ್ತಿನಲ್ಲಿ ನಮ್ಮದೇ ಮನೆಯ ಫ್ರೀಜರಿನಲ್ಲಿ ಅದೇ ಬಗೆಯ ಪೊಟ್ಟಣಗಳು ಎರಡಿದ್ದವು. ಅದರ ಹಿಂದಿನ ರಾತ್ರಿಯಷ್ಟೇ ನಮ್ಮ ಮಗಳು ಅದರಲ್ಲಿ ಮೂರು ತುಂಡು ತಿಂದಿದ್ದಳು.

ಆ ತಾಯಿಯ ಹೆಸರು ನಮಗೆ ತಿಳಿಯದು. ಅವರು ಈ ಪುಟವನ್ನು ಓದುವರೆಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ನಾವು ಕುಂದಾಪುರದ ಕಡೆಯವರು. ತಾಯಿಯ ತವರು ಗಂಗೊಳ್ಳಿ. ಪಂಚಗಂಗಾವಳಿ ಕಡಲನ್ನು ಸೇರುವ ಅಳಿವೆಯ ಆಚೆ ಈಚೆ ನಮ್ಮ ಬಾಲ್ಯ ಕಳೆಯಿತು. ಮೀನಿಲ್ಲದ ಊಟವೆಂದರೆ ಸಂಕ್ರಾಂತಿ, ಚೌತಿ, ಇಲ್ಲವೇ ಮನೆಯಲ್ಲಿ ಜ್ವರ ಎಂದು ಅರ್ಥ. ಎಂ.ಬಿ.ಬಿ.ಎಸ್. ಮುಗಿಸಿ, ಕೆಲವು ವರ್ಷ ಊರಿನಲ್ಲಿ ದುಡಿದು, ಬಳಿಕ ಬೋಧನೆಯ ನಿಮಿತ್ತ ಮಲೇಷ್ಯಾದ ಮೆಲಾಕಾಕ್ಕೆ ಬಂದೆವು. ಮಣಿಪಾಲಕ್ಕೂ ಮೆಲಾಕಾಕ್ಕೂ ವೈದ್ಯಕೀಯ ಶಿಕ್ಷಣದ ಕೊಂಡಿ 1997ರಿಂದಲೇ ಇರುವುದರಿಂದ ಕರಾವಳಿಯ ವೈದ್ಯರಿಗೆ ಈ ಊರು ತೀರ ಪರಕೀಯವಲ್ಲ. ಇಲ್ಲಿಯೂ ಕಡಲಿದೆ, ತೆಂಗಿದೆ, ಮಳೆಯಿದೆ, ಹುಣಸೆಯ ಹುಳಿಯೂ ಮೆಣಸಿನ ಖಾರವೂ ಬೆರೆತ ‘ಆಸಾಮ್ ಪೆದಾಸ್’ ಎಂಬ ಮೀನಿನ ಸಾರಿದೆ. ಮಲಯ ಭಾಷೆಯಲ್ಲಿ ಆಸಾಮ್ ಎಂದರೆ ಹುಳಿ, ಪೆದಾಸ್ ಎಂದರೆ ಖಾರ. ಮೊದಲ ತುತ್ತಿಗೇ ನಮಗೆ ಊರಿನ ಅಡುಗೆಮನೆಯ ಹೊಗೆ ಕಣ್ಣಿಗೆ ಅಡರಿದಂತಾಗಿತ್ತು. ಇನ್ನೊಂದು ಸಂತೋಷ: ಇಲ್ಲಿನ ಮಾರುಕಟ್ಟೆಯಲ್ಲಿ ‘ಕೆಂಬುಂಗ್’ ಎಂದು ಕರೆಯುವ ಮೀನು ನಮ್ಮ ಬಂಗುಡೆಯೇ. ಹತ್ತಿರದ ಸಂಬಂಧಿಗಳೂ ಆ ಹೆಸರಿನಲ್ಲಿ ಸೇರಿಕೊಂಡಿವೆ, ನಿಜ. ಆದರೆ ರಾಸ್ಟ್ರೆಲಿಗರ್ ಕನಗುರ್ತ ಎಂಬ ಶಾಸ್ತ್ರೀಯ ನಾಮದ ಅಸಲು ಬಂಗುಡೆ ಅರಬ್ಬೀ ಸಮುದ್ರದಲ್ಲಿಯೂ ಮಲಾಕಾ ಜಲಸಂಧಿಯಲ್ಲಿಯೂ ಈಜುತ್ತದೆ. ಅಂಜಲಿಗೆ ಇಲ್ಲಿ ‘ತೆಂಗಿರಿ’ ಎನ್ನುತ್ತಾರೆ. ಹೀಗಾಗಿ ಮೊದಲ ವರ್ಷಗಳಲ್ಲಿ ನಮ್ಮ ಮನೆಯ ಮೀನಿನ ಪಾತ್ರೆ ಬರಿದಾದದ್ದೇ ಇಲ್ಲ.

ಅದು ಬರಿದಾದದ್ದು ನಾಲ್ಕು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ. ಮಗಳಿಗೆ ಆಗ ಐದು ವರ್ಷ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಶ್ರೀಮತಿಯವರು ಅಡುಗೆಮನೆಯಲ್ಲಿದ್ದರು, ಮಗುವಿಗೆ ಉಣ್ಣಿಸುವ ಹೊಣೆ ನಮ್ಮದು. ಮುಳ್ಳು ಬಿಡಿಸಿದ್ದೇವೆಂದೇ ತಿಳಿದಿದ್ದೆವು. ಎಡಗೈಯಲ್ಲಿ ಫೋನು ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಮಗು ಒಮ್ಮೆಲೆ ಉಣ್ಣುವುದನ್ನು ನಿಲ್ಲಿಸಿ, ಕತ್ತಿನ ಬಲಬದಿಗೆ ಕೈಯಿಟ್ಟು ನಮ್ಮ ಮುಖ ನೋಡಿತು. ಅಳಲಿಲ್ಲ. ಎಂಜಲನ್ನು ನುಂಗಲಾರದೆ ಬಾಯಿ ತೆರೆದು ಕುಳಿತಿತು.

ಹದಿನೈದು ವರ್ಷಕ್ಕೂ ಮಿಕ್ಕಿ ವೈದ್ಯವೃತ್ತಿಯಲ್ಲಿದ್ದ ನಾವು ಆಗ ಮಾಡಿದ್ದೇನು? ನಮ್ಮ ಅಜ್ಜಿ ಮಾಡುತ್ತಿದ್ದುದನ್ನೇ. ಅನ್ನದ ದೊಡ್ಡ ಉಂಡೆ ಕಟ್ಟಿ, “ಅಗಿಯಬೇಡ, ಹಾಗೇ ನುಂಗು” ಎಂದು ಮಗುವಿನ ಬಾಯಿಗೆ ತುರುಕಿದೆವು. ಒಂದಲ್ಲ, ಎರಡು ಉಂಡೆ. ವಿದ್ಯಾರ್ಥಿಗಳು ಇದನ್ನೇ ಪರೀಕ್ಷೆಯಲ್ಲಿ ಉತ್ತರವಾಗಿ ಹೇಳಿದ್ದರೆ ನಾವೇ ಅವರನ್ನು ನಪಾಸು ಮಾಡುತ್ತಿದ್ದೆವು. ಎರಡನೆಯ ಉಂಡೆಗೆ ಮಗು ಕಿರುಚಿತು. ಎಂಜಲಿನೊಡನೆ ನೆತ್ತರಿನ ಎಳೆಯೊಂದು ಬಂದಿತು.

ಆಸ್ಪತ್ರೆಗೆ ಧಾವಿಸಿದೆವು. ಕಿವಿ ಮೂಗು ಗಂಟಲಿನ ತಜ್ಞರು ದೀಪ ಹಿಡಿದು, ನಾಲಿಗೆಯನ್ನು ಒತ್ತಿ ನೋಡಿ, ಟಾನ್ಸಿಲ್‌ನ ಕೆಳಗಿನ ತುದಿಯಲ್ಲಿ ಆಳವಾಗಿ ನಾಟಿದ್ದ ಮುಳ್ಳನ್ನು ಚಿಮಟದಿಂದ ಹೊರತೆಗೆದರು. ಅಕ್ಕಿಯ ಎರಡು ಕಾಳನ್ನು ಉದ್ದಕ್ಕೆ ಜೋಡಿಸಿದಷ್ಟೂ ಅದು ಇರಲಿಲ್ಲ. ಅವರು ಕೈ ತೊಳೆಯುತ್ತ, “ಅನ್ನ ನುಂಗಿಸಿದಿರಾ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆವು. ನಾವೂ ವೈದ್ಯರೆಂಬುದನ್ನು ಮಾತ್ರ ಹೇಳಲಿಲ್ಲ. ನೋಂದಣಿಯ ಹಾಳೆಯಲ್ಲಿ ಉದ್ಯೋಗದ ಜಾಗದಲ್ಲಿ ‘ಬೋಧಕ’ ಎಂದಷ್ಟೇ ಬರೆದಿದ್ದೆವು.

ಮೀನು ತಿನ್ನುವ ಮನೆಗಳವರು ಇಷ್ಟನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಗಂಟಲಿಗೆ ಮುಳ್ಳು ಚುಚ್ಚಿದರೆ ಅನ್ನದ ಉಂಡೆಯಾಗಲಿ ಬಾಳೆಹಣ್ಣಾಗಲಿ ಒಣ ರೊಟ್ಟಿಯಾಗಲಿ ನುಂಗಿಸಬಾರದು. ಕೆಲವೊಮ್ಮೆ ಅದರಿಂದ ಮುಳ್ಳು ಕೆಳಗಿಳಿದು ಹೋಗುವುದುಂಟು, ಆದ್ದರಿಂದಲೇ ಈ ನಂಬಿಕೆ ಉಳಿದುಬಂದಿದೆ. ಆದರೆ ಹೋಗದಿದ್ದಾಗ ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಅನ್ನನಾಳದವರೆಗೆ ಹೋಗಿ ಅಲ್ಲಿ ಚುಚ್ಚಿದರೆ ತೊಂದರೆ ದೊಡ್ಡದು. ಬೆರಳು ಹಾಕಿ ತಡಕಾಡಬಾರದು, ವಾಂತಿ ಮಾಡಿಸಬಾರದು. ಮುಳ್ಳು ಬಹುಮಟ್ಟಿಗೆ ಟಾನ್ಸಿಲ್‌ನಲ್ಲಿಯೋ ನಾಲಿಗೆಯ ಬುಡದಲ್ಲಿಯೋ ಸಿಕ್ಕಿಕೊಂಡಿರುವುದರಿಂದ ತಜ್ಞರಿಗೆ ಅದನ್ನು ತೆಗೆಯುವುದು ಹೆಚ್ಚಿನ ಸಂದರ್ಭಗಳಲ್ಲಿ ಕೆಲವೇ ನಿಮಿಷಗಳ ಕೆಲಸ. ಎಕ್ಸ್-ರೇಯಲ್ಲಿ ಎಲ್ಲ ಮೀನಿನ ಮುಳ್ಳೂ ಕಾಣಿಸುವುದಿಲ್ಲ. ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದು ಸಮಾಧಾನ ಪಡಬಾರದು. ನೋವು ಉಳಿದಿದ್ದರೆ ಮುಳ್ಳೂ ಉಳಿದಿರಬಹುದು. ಜೊಲ್ಲು ಸುರಿಯುತ್ತಿದ್ದರೆ, ಉಸಿರು ಕಟ್ಟಿದರೆ, ಎದೆನೋವು ಇಲ್ಲವೇ ಜ್ವರ ಕಾಣಿಸಿಕೊಂಡರೆ ಗಳಿಗೆಯೂ ತಡಮಾಡಕೂಡದು.

ಆ ಭಾನುವಾರದ ನಂತರ ನಮ್ಮ ಮನೆಯೊಳಗೆ ಮೀನು ಬರಲಿಲ್ಲ. “ಮಗಳು ಮೀನು ಮುಟ್ಟುವುದಿಲ್ಲ” ಎಂದು ನೆಂಟರಿಗೂ ಗೆಳೆಯರಿಗೂ ಹೇಳುತ್ತ ಬಂದೆವು. ಊರಿಗೆ ಹೋದಾಗಲೂ ಅದೇ ಮಾತು. ಅವಳ ಮುಂದೆ ಕೋಳಿ, ನಮ್ಮ ಮುಂದೆ ಮೀನು. ಕ್ರಮೇಣ ನಮ್ಮ ಎಲೆಗೂ ಕೋಳಿಯೇ ಬಂದಿತು. ಈಗ ಹಿಂದಿರುಗಿ ನೋಡಿದರೆ, ಆ ನಾಲ್ಕು ವರ್ಷಗಳಲ್ಲಿ ಮೀನು ಬೇಕೇ ಎಂದು ಮಗಳನ್ನು ನಾವು ಒಮ್ಮೆಯೂ ಕೇಳಿದ ನೆನಪಿಲ್ಲ.

ಈ ವರ್ಷದ ಜನವರಿಯಲ್ಲಿ ಶಾಲೆಯ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿಬಂದವಳು, “ಅಲ್ಲಿ ಫಿಶ್ ತಿಂದೆ. ಚೌಕಾಕಾರ ಇತ್ತು. ಚೆನ್ನಾಗಿತ್ತು” ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಶನಿವಾರವೇ ದಿನಸಿ ಅಂಗಡಿಯ ಫ್ರೀಜರುಗಳ ಸಾಲಿನ ಮುಂದೆ ನಿಂತೆವು.

ಪರಾಠಾ, ಕೋಳಿಯ ನಗೆಟ್, ಮೀನಿನ ಉಂಡೆಗಳ ನಡುವೆ ಅದು ಸಿಕ್ಕಿತು. ಹೊರಗಿನ ಚಿತ್ರದಲ್ಲಿ ಹೊಂಬಣ್ಣದ ತುಂಡು, ಪಕ್ಕದಲ್ಲಿ ನಿಂಬೆಯ ಹೋಳು, ಮೂಲೆಯಲ್ಲಿ ಹಲಾಲ್ ಮುದ್ರೆ. ‘ಸೆಜುಕ್ ಬೆಕು’ ಎಂದರೆ ಹೆಪ್ಪುಗಟ್ಟಿಸಿದ್ದು. ದೊಡ್ಡ ಅಕ್ಷರದಲ್ಲಿ ‘ಡೋರಿ’ ಎಂಬ ಹೆಸರು. ಮನೆಗೆ ತಂದು, ಕರಗಿಸದೆ ಹಾಗೆಯೇ ಏರ್ ಫ್ರೈಯರಿನಲ್ಲಿಟ್ಟು, ನಡುವೆ ಒಮ್ಮೆ ಮಗುಚಿ, ಹದಿನೈದು ನಿಮಿಷಕ್ಕೆ ತೆಗೆದೆವು. ಕರಗಿಸಬಾರದೆಂದು ಪೊಟ್ಟಣದ ಮೇಲೆ ಬರೆದಿರುವುದಕ್ಕೆ ಅರ್ಥವಿದೆ: ಕರಗಿದರೆ ಮೀನಿನ ನೀರು ಇಳಿದು ಬ್ರೆಡ್ಡಿನ ಹೊದಿಕೆ ಅಂಟಂಟಾಗಿ ಕಳಚಿಬೀಳುತ್ತದೆ. ಇನ್ನೊಂದು ವಿಷಯ ಅನೇಕರಿಗೆ ತಿಳಿದಂತಿಲ್ಲ. ಹೊದಿಕೆ ಗಟ್ಟಿಯಾಗಲೆಂದು ಕಾರ್ಖಾನೆಯಲ್ಲಿಯೇ ಇದನ್ನು ಕೆಲವು ಕ್ಷಣ ಎಣ್ಣೆಯಲ್ಲಿ ಅದ್ದಿ ತೆಗೆದಿರುತ್ತಾರೆ. ಹೊರಗಿನ ಬಣ್ಣ ನೋಡಿ ಬೆಂದಿದೆ ಎಂದು ಮೋಸಹೋಗಬಾರದು, ಒಳಗಿನ ಮೀನು ಹಸಿಯೇ. ತುಂಡಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದವರು ಫೋರ್ಕಿನಿಂದ ಬಿಡಿಸಿ ನೋಡಲಿ, ಮಾಂಸ ಬೆಳ್ಳಗಾಗಿ ಪದರ ಪದರವಾಗಿ ಬಿಡಬೇಕು.

ಮಗಳು ಮೂರು ತುಂಡು ತಿಂದಳು. ನಾವು ಒಂದು ತಿಂದೆವು. ರುಚಿ ಹೇಗಿತ್ತೆಂದರೆ, ಹೊರಗೆ ಕರಕರ, ಒಳಗೆ ಮೆತ್ತಗೆ, ಬಳಿಕ ಏನೂ ಇಲ್ಲ. ಉಪ್ಪು ಮಾತ್ರ ನಾಲಿಗೆಯಲ್ಲಿ ಉಳಿಯಿತು. ಮೀನಿನ ಘಮವೆಂಬುದು ಇಲ್ಲವೇ ಇಲ್ಲ. ಕೈ ಮೂಸಿದರೂ ಇಲ್ಲ! ಆದರೆ ಎದುರಿಗೆ ಮಗಳು ನಿರ್ಭಯವಾಗಿ ಮೀನು ತಿನ್ನುತ್ತಿದ್ದಳು. ಅಂದಿನಿಂದ ವಾರಕ್ಕೆರಡು ಬಾರಿ ಆ ಪೊಟ್ಟಣ ಮನೆಗೆ ಬರತೊಡಗಿತು, ಹೊರಗಿನವರಿಗೆ ಹೇಳದಂತೆ.

ಈ ವಸ್ತುವಿನ ಚರಿತ್ರೆ ಸ್ವಾರಸ್ಯಕರವಾಗಿದೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬವರು 1912ರ ಬಳಿಕ ಕೆಲವು ವರ್ಷ ಕೆನಡಾದ ಲ್ಯಾಬ್ರಡಾರಿನಲ್ಲಿದ್ದಾಗ, ಇನ್ಯುಯಿಟ್ ಜನ ಹಿಡಿದ ಮೀನು ಮಂಜಿನ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟುವುದನ್ನು ಕಂಡರು. ತಿಂಗಳುಗಳ ನಂತರ ಕರಗಿಸಿ ಬೇಯಿಸಿದರೂ ಅದು ಹೊಸದರಂತೆಯೇ ಇತ್ತು. ಗುಟ್ಟು ವೇಗದಲ್ಲಿದೆ. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಮಾಂಸದೊಳಗಿನ ನೀರು ದೊಡ್ಡ ದೊಡ್ಡ ಹರಳುಗಳಾಗಿ ಜೀವಕೋಶಗಳನ್ನು ಸೀಳುತ್ತದೆ. ಕರಗಿದಾಗ ಮೀನು ಮುದ್ದೆಯಾಗುತ್ತದೆ. ಬೇಗನೆ ಹೆಪ್ಪುಗಟ್ಟಿಸಿದರೆ ಹರಳುಗಳು ಸಣ್ಣವಾಗಿಯೇ ಉಳಿದು ಕೋಶಗಳಿಗೆ ಘಾಸಿ ಕಡಿಮೆ. ಮನೆಯ ಫ್ರೀಜರಿನಲ್ಲಿಟ್ಟ ಮೀನಿಗೂ ಕಾರ್ಖಾನೆಯದಕ್ಕೂ ಇರುವ ವ್ಯತ್ಯಾಸ ಇದೇ. ಬರ್ಡ್ಸ್‌ಐಯವರ ವಿಧಾನದಲ್ಲಿ ಸಿದ್ಧವಾದ ಆಹಾರ 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನ ಅಂಗಡಿಗಳಲ್ಲಿ ಮೊದಲ ಬಾರಿಗೆ ಗ್ರಾಹಕರ ಮುಂದೆ ಬಂದಿತು. 1955ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಎಂಬ ಬಂದರಿನಲ್ಲಿ ಮೀನಿನ ಬೆರಳುಗಳು, ಅಂದರೆ ಫಿಶ್ ಫಿಂಗರುಗಳು, ತಯಾರಾದವು. ಆ ಊರು ಹೆರಿಂಗ್ ಮೀನಿಗೆ ಹೆಸರಾದದ್ದು. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಬಳಗದ್ದು: ಎಣ್ಣೆಯ ಅಂಶ ಹೆಚ್ಚು, ಮುಳ್ಳು ಹೆಚ್ಚು, ರುಚಿಯೂ ಹೆಚ್ಚು. ಹೆರಿಂಗಿನ ಕಡ್ಡಿಗಳನ್ನೇ ಮಾರಬೇಕೆಂಬುದು ಉದ್ದೇಶವಾಗಿತ್ತಂತೆ, ಹೋಲಿಕೆಗೆಂದು ಸಪ್ಪೆಯಾದ ಕಾಡ್ ಮೀನಿನ ಕಡ್ಡಿಗಳನ್ನೂ ಇಟ್ಟರಂತೆ. ಜನ ಸಪ್ಪೆಯದನ್ನೇ ಆರಿಸಿಕೊಂಡರು. ನಮ್ಮ ಮಗಳನ್ನು ನೋಡಿದ ಮೇಲೆ ಈ ಕಥೆಯಲ್ಲಿ ನಮಗೆ ಅಚ್ಚರಿಯೇನೂ ಕಾಣಲಿಲ್ಲ.

ಹೊದಿಕೆಯ ಕಥೆ ನಮಗೆ ಇನ್ನೂ ಹತ್ತಿರದ್ದು. ಪೊಟ್ಟಣದ ಮೇಲಿರುವ ‘ಪಾಂಕೋ’ ಎಂಬ ಜಪಾನೀ ಪದದೊಳಗಿನ ‘ಪಾನ್’ ಪೋರ್ಚುಗೀಸರ ಭಾಷೆಯಿಂದ ಹೋದದ್ದು. ಕೊಂಕಣಿಯ ‘ಪಾವ್’ ಕೂಡ ಅಲ್ಲಿಂದಲೇ ಬಂದದ್ದು. 1511ರಿಂದ 1641ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಮೆಲಾಕಾದಲ್ಲಿ ಕುಳಿತು ಇದನ್ನು ಓದುವಾಗ, ಗೋವೆಯಿಂದ ಜಪಾನಿನವರೆಗೆ ಒಂದೇ ರೊಟ್ಟಿಯ ಪುಡಿ ಉದುರುತ್ತ ಹೋದಂತೆ ತೋರುತ್ತದೆ. ಆದರೆ ಮೀನಿಗೆ ಅಂಗಿ ತೊಡಿಸುವ ವಿದ್ಯೆಯನ್ನು ನಾವು ಪೋರ್ಚುಗೀಸರಿಂದಲೋ ಜಪಾನೀಯರಿಂದಲೋ ಕಲಿಯಬೇಕಾಗಿಲ್ಲ. ಉಪ್ಪು, ಮೆಣಸಿನ ಪುಡಿ, ಅರಿಶಿನ, ಹುಣಸೆರಸ ಸವರಿದ ಕಾಣೆಯನ್ನು ಚಿರೋಟಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲಿಟ್ಟರೆ ಆಗುವುದೂ ಅದೇ: ರವೆ ಎಣ್ಣೆಗೆ ಗರಿಗರಿಯಾಗುತ್ತದೆ, ಮೀನು ತನ್ನದೇ ಹಬೆಯಲ್ಲಿ ಬೇಯುತ್ತದೆ. ಒಂದೇ ಭೇದ. ರವೆಯ ಅಂಗಿ ತೆಳುವಾದದ್ದು, ಒಳಗಿರುವವರು ಯಾರೆಂದು ತಿಳಿಯುತ್ತದೆ.

ಇನ್ನು ವೈದ್ಯನ ಕಣ್ಣಿನಿಂದ. ನಮ್ಮ ಪೊಟ್ಟಣದಲ್ಲಿ ಮೀನಿನ ಪಾಲು ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ಗೋಧಿ ಹಿಟ್ಟು, ಬ್ರೆಡ್ಡಿನ ಪುಡಿ, ಎಣ್ಣೆ, ಪಿಷ್ಟ, ಉಪ್ಪು. ನೂರು ಗ್ರಾಮಿಗೆ ಸೋಡಿಯಂ ಸುಮಾರು 400 ಮಿಲಿಗ್ರಾಮ್. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ಅಂದರೆ ಒಂದು ಗ್ರಾಮ್. ವಯಸ್ಕರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಇನ್ನೂ ಕಡಿಮೆ. ಮೂರು ತುಂಡು, ಜೊತೆಗೆ ಚಿಲ್ಲಿ ಸಾಸು ಎಂದರೆ ಲೆಕ್ಕ ನೀವೇ ಮಾಡಿಕೊಳ್ಳಬಹುದು. ಮೀನು ಹೃದಯಕ್ಕೆ ಒಳ್ಳೆಯದೆಂದು ನಾವು ಹೇಳುವುದು ಮುಖ್ಯವಾಗಿ ಒಮೆಗಾ-3 ಕೊಬ್ಬಿನ ಕಾರಣದಿಂದ. ಅದು ಬಂಗುಡೆ ಬೂತಾಯಿಗಳಲ್ಲಿ ಧಾರಾಳ, ಈ ಬಿಳಿಯ ತುಂಡಿನಲ್ಲಿ ಅತ್ಯಲ್ಪ. ಪ್ರೋಟೀನ್ ಇದೆ, ಅದನ್ನು ಅಲ್ಲಗಳೆಯಲಾಗದು.

ತಾಜಾ ಎಂಬ ಮಾತಿನ ಬಗೆಗೂ ನಾವು ಅಂದು ಅವಸರಪಟ್ಟೆವು. ಮಲೇಷ್ಯಾದ ಸೆಖೆಯಲ್ಲಿ ಮಂಜುಗಡ್ಡೆಯಿಲ್ಲದೆ ಬೆಳಗಿನಿಂದ ಬಿದ್ದಿರುವ ಬಂಗುಡೆ ತಾಜಾ ಅಲ್ಲ. ಆ ಜಾತಿಯ ಮೀನು ಬೆಚ್ಚಗಾದರೆ ಅದರಲ್ಲಿ ಹಿಸ್ಟಮೀನ್ ಎಂಬ ಪದಾರ್ಥ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಹುರಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತುರಿಕೆ ತಲೆನೋವು ಬಂದರೆ ಮೀನು ಒಗ್ಗುವುದಿಲ್ಲವೆಂದು ತಿಳಿಯುವವರು ಬಹಳ. ತಪ್ಪು ಅನೇಕ ವೇಳೆ ಮೀನಿನದಲ್ಲ, ಮಂಜುಗಡ್ಡೆಯದು. ಹಿಡಿದೊಡನೆ ಹೆಪ್ಪುಗಟ್ಟಿಸಿ, ಮೈನಸ್ 18 ಡಿಗ್ರಿಯಲ್ಲಿ ಅಂಗಡಿಯವರೆಗೆ ತಂದ ಮೀನು ಅಂಥ ‘ತಾಜಾ’ ಮೀನಿಗಿಂತ ಮೇಲು. ಆದ್ದರಿಂದ, ಯುಗಾದಿಯಂದು ಪ್ರಶ್ನೆ ಕೇಳಿದ ತಾಯಿಗೆ ನಮ್ಮ ತಿದ್ದಿದ ಉತ್ತರ ಇದು: ಕೊಡಿ ಅಮ್ಮ. ವಾರಕ್ಕೊಮ್ಮೆ ಕೊಟ್ಟರೆ ಏನೂ ಕೆಡುವುದಿಲ್ಲ. ಸಾಸು ಬೇಡ, ನಿಂಬೆಹಣ್ಣು ಹಿಂಡಿ. ಗೋಧಿ, ಮೊಟ್ಟೆ ಅಥವಾ ಹಾಲು ಒಗ್ಗದ ಮಕ್ಕಳಿದ್ದರೆ ಪೊಟ್ಟಣದ ಹಿಂಬದಿ ಓದದೆ ಕೊಡಬೇಡಿ. ಹೊದಿಕೆಯಿಲ್ಲದ ಬರಿಯ ಹೆಪ್ಪುಗಟ್ಟಿದ ಮೀನೂ ಅದೇ ಫ್ರೀಜರಿನಲ್ಲಿ ಸಿಗುತ್ತದೆ. ರಾತ್ರಿ ಅದನ್ನು ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿಟ್ಟರೆ ಮರುದಿನ ಹತ್ತು ನಿಮಿಷದಲ್ಲಿ ರವಾ ಫ್ರೈ ಆಗುತ್ತದೆ. ಅಂದು ನಿಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದಕ್ಕೆ ನಮ್ಮನ್ನು ಮನ್ನಿಸಬೇಕು.

ಬರಹವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಜೂನ್ ತಿಂಗಳಲ್ಲಿ ಅಮ್ಮ ಬಂದರು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿಯಿಡುವ ಕಾಲ. ಮಲ್ಪೆ, ಗಂಗೊಳ್ಳಿಗಳ ದೋಣಿಗಳೆಲ್ಲ ದಡ ಸೇರಿರುತ್ತವೆ. ಆ ಎರಡು ತಿಂಗಳು ಮನೆಗಳಲ್ಲಿ ಒಣಮೀನಿನದೇ ರಾಜ್ಯ. “ಇಲ್ಲಿಗೆ ಬಂದರೆ ಹಸಿ ಮೀನಾದರೂ ತಿನ್ನಬಹುದು” ಎಂದು ನಗುತ್ತಲೇ ವಿಮಾನವಿಳಿದ ಅಮ್ಮನ ಮುಂದೆ ನಾವು ಮೊದಲ ರಾತ್ರಿ ಇಟ್ಟದ್ದು ಚೌಕಾಕಾರದ ತುಂಡು.

ಅಮ್ಮ ಅದನ್ನು ತಿರುಗಿಸಿ ನೋಡಿದರು. ಬೆರಳಿನಿಂದ ಹೊದಿಕೆ ಸರಿಸಿ ಒಳಗೆ ಇಣುಕಿದರು. “ಇದ್ ಯಾವ್ ಮೀನ್ ಮಗಾ?”

“ಡೋರಿ ಅಮ್ಮ.”

“ಹಾಂಗಂದ್ರೆ?”

ಉತ್ತರ ನಮ್ಮಲ್ಲಿರಲಿಲ್ಲ. ಐದು ತಿಂಗಳಿಂದ ತಿನ್ನುತ್ತಿದ್ದ ಮೀನು ಯಾವುದೆಂದು ನಾವು ಕೇಳಿಯೇ ಇರಲಿಲ್ಲ. ಎದ್ದು ಹೋಗಿ ಕಸದ ಬುಟ್ಟಿಯಿಂದ ಪೊಟ್ಟಣ ತೆಗೆದು, ಉಪ್ಪಿನ ಸಾಲಿನಷ್ಟೇ ಗಮನವಿಟ್ಟು ಪದಾರ್ಥಗಳ ಸಾಲನ್ನೂ ಓದಿದೆವು. ಸಣ್ಣಕ್ಷರದಲ್ಲಿ ‘ಪ್ಯಾಂಗೇಸಿಯಸ್’ ಎಂದಿತ್ತು. ಅಸಲು ಡೋರಿ ಕಡಲಿನ ಮೀನು, ಬೇರೆಯೇ ಕುಲದ್ದು. ಇಲ್ಲಿನ ಅಂಗಡಿಗಳಲ್ಲಿ ಆ ಹೆಸರಿನಿಂದ ಸಿಗುವುದು ಬಹುಮಟ್ಟಿಗೆ ವಿಯೆಟ್ನಾಮಿನ ಮೆಕಾಂಗ್ ನದಿಯ ಮುಖಜಪ್ರದೇಶದ ಕೊಳಗಳಲ್ಲಿ ಸಾಕಿದ ಈ ಪ್ಯಾಂಗೇಸಿಯಸ್. ಮಲಯದವರಿಗೆ ಇದೇ ಬಳಗದ ಮೀನು ‘ಪಾತಿನ್’. ಪಹಾಂಗಿನ ತೆಮರ್ಲೋಹ್ ಪಟ್ಟಣದಲ್ಲಿ ಹುಳಿಬರಿಸಿದ ಡುರಿಯನ್ ಹಾಕಿ ಅದರ ಸಾರು ಮಾಡುತ್ತಾರೆ, ಬಹಳ ಪ್ರಸಿದ್ಧ. ಹೀಗೆ ಊರಿನವರು ಹೆಸರು ಹಿಡಿದು ಪ್ರೀತಿಯಿಂದ ತಿನ್ನುವ ಮೀನು, ಪೊಟ್ಟಣದೊಳಗೆ ಹೊಕ್ಕ ಕೂಡಲೇ ಇನ್ನೊಬ್ಬರ ಹೆಸರಿಟ್ಟುಕೊಳ್ಳಬೇಕಾಗಿ ಬಂದಿದೆ.

“ಮೀಸೆ ಇರುವ ಮೀನಮ್ಮ. ನಮ್ಮ ಮುಗುಡಿನ ದೂರದ ಸಂಬಂಧಿ” ಎಂದೆವು.

“ಹಾಂಗ್ ಹೇಳ್” ಎಂದು ಅಮ್ಮ ಒಂದು ಚೂರು ಬಾಯಿಗಿಟ್ಟರು. ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ. ಎರಡನೆಯದನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಅದಾದ ಮೂರನೆಯ ವಾರ. ಎಂದಿನಂತೆ ಮಗಳ ತಟ್ಟೆಯಲ್ಲಿ ಅದೇ ತುಂಡು. ಎರಡನೆಯ ತುತ್ತಿಗೆ ಅವಳು ಅಗಿಯುವುದನ್ನು ನಿಲ್ಲಿಸಿದಳು. ನಾಲಿಗೆಯ ತುದಿಗೆ ಏನನ್ನೋ ತಂದು ಬೆರಳಿನಿಂದ ತೆಗೆದಳು. ಮುಳ್ಳು. ಕೂದಲಿನಷ್ಟು ತೆಳು, ಉಗುರಿನಷ್ಟು ಉದ್ದ. ಪೊಟ್ಟಣದ ಮೇಲೆ ‘ಮುಳ್ಳಿರಬಹುದು’ ಎಂದು ಬರೆದಿರುತ್ತದೆ; ಯಂತ್ರವೂ ಕೈಯೂ ಎಲ್ಲವನ್ನೂ ಹಿಡಿಯಲಾರವು. ಅದು ನಮಗೆ ತಿಳಿದದ್ದೇ. ಆದರೂ ಶ್ರೀಮತಿಯವರ ಕೈಯಿಂದ ಸೌಟು ಜಾರಿತು. ನಾವು ಕುರ್ಚಿಯಿಂದ ಎದ್ದೇಬಿಟ್ಟಿದ್ದೆವು. ಕಾರಿನ ಬೀಗದ ಕೈ ಎಲ್ಲಿದೆಯೆಂದು ಕಣ್ಣು ಹುಡುಕುತ್ತಿತ್ತು. ಮಗಳು ಮುಳ್ಳನ್ನು ನೋಡುತ್ತಿರಲಿಲ್ಲ, ನಮ್ಮಿಬ್ಬರ ಮುಖವನ್ನು ನೋಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಹಾಗೆಯೇ ನೋಡಿದ್ದಳು.

ಅಮ್ಮ ಕುಳಿತಲ್ಲಿಂದ ಏಳಲಿಲ್ಲ. “ಮುಳ್ಳ್ ಬಂದ್ರೆ ತೆಗ್ದ್ ಬದಿಗಿಡ್ ಮಗಾ. ಅಷ್ಟೇ” ಎಂದು ತಮ್ಮ ತಟ್ಟೆಯ ಅಂಚನ್ನು ತೋರಿಸಿದರು.

ಮಗಳು ಬದಿಗಿಟ್ಟಳು. ಉಳಿದದ್ದನ್ನು ತಿಂದಳು. ತಿಂದಾದ ಮೇಲೆ ಅಜ್ಜಿಯನ್ನು ಕೇಳಿದಳು, “ಇದರಲ್ಲಿ ಒಂದೇ ಇತ್ತು. ನಿಜವಾದ ಮೀನಿನಲ್ಲಿ ಎಷ್ಟಿರುತ್ತದೆ?”

ಮರುದಿನ ಬೆಳಿಗ್ಗೆ ಅಜ್ಜಿಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮಾರುಕಟ್ಟೆಗೆ ಹೋದೆವು. ಭಾಷೆ ಬಾರದ ಅಮ್ಮ ಮೀನು ಮಾರುವ ಮಲಯ ಹೆಂಗಸಿನೊಂದಿಗೆ ಹತ್ತು ನಿಮಿಷ ವ್ಯವಹರಿಸಿದ್ದನ್ನು ಬರೆಯಹೊರಟರೆ ಅದೇ ಇನ್ನೊಂದು ಲೇಖನವಾದೀತು. ಕಿವಿರು ಎತ್ತಿ ಕೆಂಪು ನೋಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಮೊದಲ ರಾಶಿಗೆ ತಲೆಯಲ್ಲಾಡಿಸಿ ಮಂಜುಗಡ್ಡೆಯಡಿಯಿಂದ ಬೇರೆ ತೆಗೆಸಿದರು. ಆ ಹೆಂಗಸು ನಕ್ಕು ಒಂದು ಮೀನು ಹೆಚ್ಚಿಗೆ ಹಾಕಿದರು. “ಕೆಂಬುಂಗ್” ಎಂದು ಆಕೆ, “ಬಂಗುಡೆ” ಎಂದು ಅಮ್ಮ, ಇಬ್ಬರೂ ಪರಸ್ಪರ ತಿದ್ದಿಕೊಂಡರು.

ಮಧ್ಯಾಹ್ನ ಸಾರು ಮಾಡಲಿಲ್ಲ. ಸಾರಿನಲ್ಲಿ ಮುಳ್ಳು ಕಣ್ಣಿಗೆ ಬೀಳದು, ಕಲಿಯುವವರಿಗೆ ಹುರಿದದ್ದೇ ಸರಿ ಎಂದು ಅಮ್ಮನ ತೀರ್ಮಾನ. ರವೆಯಲ್ಲಿ ಹೊರಳಿಸಿ ಹುರಿದ ಇಡಿಯ ಬಂಗುಡೆಯನ್ನು ಮೊಮ್ಮಗಳ ತಟ್ಟೆಯಲ್ಲಿಟ್ಟು, ಅವಳ ಬೆರಳನ್ನು ಹಿಡಿದು ಬೆನ್ನಿನ ಗೆರೆಯ ಮೇಲೆ ಎಳೆಸಿದರು. ಮೇಲಿನ ಅರ್ಧ ಬಿಚ್ಚಿಕೊಂಡಿತು. ಬಾಲ ಹಿಡಿದು ಮೆಲ್ಲನೆ ಎತ್ತಿದಾಗ ನಡುಮುಳ್ಳು ಬಾಚಣಿಗೆಯಂತೆ ತಲೆಯವರೆಗೆ ಒಟ್ಟಿಗೇ ಬಂದಿತು. ಹೊಟ್ಟೆಯ ಬದಿಯ ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳುಗಳ ನಡುವೆ ತಡವಿ ತೆಗೆಯಬೇಕು. ಕಣ್ಣಿಗಿಂತ ಬೆರಳು ಮೊದಲು ತಿಳಿಯುತ್ತದೆ. ಇದನ್ನೆಲ್ಲ ನಮಗೂ ಅಮ್ಮನೇ ಕಲಿಸಿದ್ದು. ಯಾವ ವಯಸ್ಸಿನಲ್ಲೋ ನೆನಪಿಲ್ಲ. ಮಗಳಿಗೆ ಅದನ್ನು ಕಲಿಸಬೇಕಾದ ವಯಸ್ಸಿನಲ್ಲಿ ನಾವು ಅವಳ ಬಾಯಿಗೆ ಬಿಡಿಸಿದ ಮೀನನ್ನೇ ಇಡುತ್ತಿದ್ದೆವು, ಆಮೇಲೆ ಅದನ್ನೂ ಬಿಟ್ಟೆವು.

ಅವಳು ಒಂದು ಮೀನು ತಿನ್ನಲು ನಲವತ್ತು ನಿಮಿಷ ತೆಗೆದುಕೊಂಡಳು. ಅಷ್ಟು ಹೊತ್ತೂ ನಾವು ಉಸಿರು ಬಿಗಿಹಿಡಿದೇ ಕುಳಿತಿದ್ದೆವು. ಫೋನು ಒಳಗಿನ ಕೋಣೆಯಲ್ಲಿತ್ತು. ತಟ್ಟೆಯ ಅಂಚಿನಲ್ಲಿ ಮುಳ್ಳುಗಳನ್ನು ಉದ್ದ ಗಿಡ್ಡ ನೋಡಿ ಸಾಲಾಗಿ ಜೋಡಿಸಿ, ಎಣಿಸಿ, ನಲವತ್ತೇಳು ಎಂದು ಅಜ್ಜಿಗೆ ವರದಿ ಒಪ್ಪಿಸಿದಳು. ಅಜ್ಜಿ ತಮ್ಮ ತಟ್ಟೆಯಿಂದ ಇನ್ನೊಂದನ್ನು ತೆಗೆದು ಸೇರಿಸಿದರು.

ಅಮ್ಮ ಆಗಸ್ಟಿನಲ್ಲಿ ಊರಿಗೆ ಹಿಂದಿರುಗಿದರು. ಈಗ ನಮ್ಮ ಫ್ರೀಜರಿನಲ್ಲಿ ಒಂದು ಪೊಟ್ಟಣವಿದೆ, ಬುಧವಾರಗಳಿಗೆಂದು. ಆ ದಿನ ನಾವಿಬ್ಬರೂ ಮನೆ ಸೇರುವುದು ತಡವಾಗುತ್ತದೆ. ಪೊಟ್ಟಣದ ಮೇಲಿನ ‘ಡೋರಿ’ ಎಂಬ ಪದವನ್ನು ಮಗಳು ಪೆನ್ನಿನಿಂದ ಹೊಡೆದುಹಾಕಿ ಪಕ್ಕದಲ್ಲಿ ‘ಪಾತಿನ್’ ಎಂದು ಕನ್ನಡದಲ್ಲಿ ಬರೆದಿದ್ದಾಳೆ. ತ ಅಕ್ಷರಕ್ಕೆ ಗುಡಿಸು ಹಾಕುವುದನ್ನು ಮರೆತಿದ್ದಳು, ನಾವು ತಿದ್ದಿದೆವು.